ಹೆಡ್‌ಲೈಟಣ್ಣ ಕಟ್ಟಿದ ಕತ್ತಲೆ

"ಇದುವರೆಗೆ ಈ ಲೋಕದಲ್ಲಿ ಯಾರೂ ಕಂಡಿರದಂಥ ಕತ್ತಲೆಯನ್ನ ನಾನು ಮಾಡಿ ತೋರಿಸ್ತೀನಿ!"

ಹೆಡ್‌ಲೈಟಣ್ಣ ಈ ಪ್ರತಿಜ್ಞೆ ಕೈಗೊಂಡದ್ದು ಒಂದು ಸೋಮವಾರದ ಬೆಳಗ್ಗೆ, ಬಾಯಿ ತುಂಬ ಟೂತ್‌ಪೇಸ್ಟ್ ಇಟ್ಟುಕೊಂಡು, ಬಾತ್‌ರೂಮಿನ ಕನ್ನಡಿಯ ಮುಂದೆ. ಪ್ರತಿಜ್ಞೆಯ ರಭಸಕ್ಕೆ ಕನ್ನಡಿಯ ತುಂಬ ಬಿಳಿ ಚುಕ್ಕೆಗಳೆದ್ದವು.

"ಮೊದಲು ಬಾತ್‌ರೂಮಿನ ಲೈಟು ಆರಿಸಿ ತೋರಿಸಿ," ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ನೀವು ಆಚೆ ಬಂದ ಮೇಲೂ ದಿನಾ ಉರೀತಾನೇ ಇರುತ್ತೆ."

ಮಹಾಕಾರ್ಯಕ್ಕೆ ಹೊರಟವರಿಗೆ ಮನೆಯಲ್ಲಿ ಸಿಗುವ ಬೀಳ್ಕೊಡುಗೆ ಸಾಮಾನ್ಯವಾಗಿ ಇಷ್ಟೇ. ಅವನು ಬಾಯಿ ಮುಕ್ಕಳಿಸಿ, ಲೈಟು ಆರಿಸುವುದನ್ನು ಮರೆತು, ಆಫೀಸಿಗೆ ಹೋದ.

ಅವನ ಕಂಪನಿ ಕಾರು ರೇಸಿನ ವಿಡಿಯೊ ಗೇಮುಗಳನ್ನು ಮಾಡುತ್ತದೆ. ಅಲ್ಲಿ ಯಾರನ್ನೂ ಹೆತ್ತವರಿಟ್ಟ ಹೆಸರಿನಿಂದ ಕರೆಯುವುದಿಲ್ಲ. ಮಾಡುವ ಕೆಲಸವೇ ಹೆಸರು. ಟೈರಿನ ಹೊಗೆ ಬಿಡಿಸುವವಳು ಹೊಗೆಯಕ್ಕ. ಮಳೆ ಸುರಿಸುವವನು ಮಳೆರಾಯ. ಕಾರಿನ ದೀಪಗಳನ್ನು ನೋಡಿಕೊಳ್ಳುವ ನಮ್ಮವನು ಹೆಡ್‌ಲೈಟಣ್ಣ. ಕೆಲಸ ಬದಲಾದರೆ ಹೆಸರೂ ಬದಲಾಗುತ್ತದೆ. ಮುಂಚೆ ಮೋಡ ಮಾಡುತ್ತಿದ್ದವನೊಬ್ಬ ಕೆಲಸ ಕೆಡಿಸಿ ಈಗ ಚರಂಡಿಯಪ್ಪ ಆಗಿದ್ದಾನೆ.

ಹೆಡ್‌ಲೈಟಣ್ಣನ ಎದೆಯಲ್ಲಿ ಬಹಳ ಕಾಲದಿಂದ ಒಂದು ಉರಿ ಇತ್ತು. ರೇಸಿನ ಗೇಮುಗಳಲ್ಲಿ ರಾತ್ರಿ ಎನ್ನುವುದು ರಾತ್ರಿಯೇ ಅಲ್ಲ, ನೀಲಿ ಬಣ್ಣ ಬಳಿದ ಮಧ್ಯಾಹ್ನ! ದೂರದ ಗುಡ್ಡ ಕಾಣುತ್ತದೆ, ಗುಡ್ಡದ ಮೇಲಿನ ಮರ ಕಾಣುತ್ತದೆ. ಇನ್ನು ಹೆಡ್‌ಲೈಟುಗಳೋ, ರಸ್ತೆಗೆ ಅಂಟಿಸಿದ ಎರಡು ಹಳದಿ ತಟ್ಟೆಗಳು. ಕಾರು ಹಾರಲಿ, ಉರುಳಲಿ, ಆ ತಟ್ಟೆಗಳು ಮಾತ್ರ ಅಲುಗುವುದಿಲ್ಲ. ಬ್ರೇಕ್ ಹಾಕಿದಾಗ ಕಾರಿನ ಮೂತಿ ತಗ್ಗಿ ಬೆಳಕೂ ತಗ್ಗಬೇಕಲ್ಲವೆ? ಒದ್ದೆ ರಸ್ತೆ ಬೆಳಕನ್ನು ನುಂಗಬೇಕಲ್ಲವೆ? ಇದನ್ನೆಲ್ಲ ಅವನು ಊಟದ ಮೇಜಿನಲ್ಲಿ ವಿವರಿಸುವಾಗ ಎದುರಿಗಿದ್ದವರು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುವುದು ವಾಡಿಕೆ.

ಈಗ ಕಾಲ ಕೂಡಿಬಂದಿತ್ತು. ಹೊಸ ಗೇಮಿನಲ್ಲಿ ರಾತ್ರಿಯ ಟ್ರ್ಯಾಕ್ ಒಂದು ಇರಬೇಕೆಂದು ಚೀಫ್ ಮೇಡಂ ಆಜ್ಞೆ ಮಾಡಿ, ಅದನ್ನು ಹೆಡ್‌ಲೈಟಣ್ಣನಿಗೆ ವಹಿಸಿದ್ದರು. ಮೇಡಂ ಕಣ್ಣು ಸದಾ ಕೆಂಪು. ಅದು ಸಿಟ್ಟಿನ ಕೆಂಪು ಎಂದು ಆಫೀಸಿಗೆ ಆಫೀಸೇ ನಂಬಿ ನಡುಗುತ್ತಿತ್ತು.

"ಆದ್ರೆ ಸೋಫಾ ಪರೀಕ್ಷೆ ಇದೆ," ಎಂದಿದ್ದರು ಮೇಡಂ. "ಫೇಲಾದ್ರೆ ಟ್ರ್ಯಾಕು ಮಳೆರಾಯನಿಗೆ. ನೀವು ಅವನ ಕೈ ಕೆಳಗೆ."

ಸೋಫಾ ಪರೀಕ್ಷೆ ಎಂಬುದು ಆ ಕಂಪನಿಯ ಕಟ್ಟಳೆ. ಜನ ಆಡುವುದು ಮನೆಯಲ್ಲಿ. ಆದ್ದರಿಂದ ಟ್ರ್ಯಾಕಿನ ತೀರ್ಪೂ ಅದನ್ನು ಮಾಡಿದವನ ಮನೆಯಲ್ಲೇ, ಅವನ ಸೋಫಾದ ಮೇಲೇ ಆಗಬೇಕು. ಆಡಬೇಕಾದವರು ಮನೆಯವರಲ್ಲಿ ಒಬ್ಬರು, ಎಂದೂ ಗೇಮ್ ಆಡದವರು. ಅವರು ಒಂದು ಸುತ್ತು ಮುಗಿಸಿದರೆ ಪಾಸು, ಇಲ್ಲವಾದರೆ ಇಲ್ಲ. ಫೇಲಾದರೆ ಕೆಲಸ ಯಾರಿಗೆ ಹೋಗುವುದೋ ಅವನೂ ಜೊತೆಗೆ ಬಂದು ಕೂರಬೇಕು.

ಮಳೆರಾಯನ ಕೈ ಕೆಳಗೆ! ಬಿಸಿಲಿನ ಟ್ರ್ಯಾಕಿಗೂ "ಒಂದು ಹನಿ ಹಾಕಿಬಿಡ್ಲಾ?" ಎಂದು ಕೇಳುವ ಮನುಷ್ಯನ ಕೈ ಕೆಳಗೆ! ಅದಕ್ಕಿಂತ ಚರಂಡಿಯಪ್ಪನ ಪಕ್ಕದ ಕುರ್ಚಿಯೇ ವಾಸಿ ಎನ್ನಿಸಿತು ಅವನಿಗೆ.

ಆದರೆ ಅವನಿಗೊಂದು ಧೈರ್ಯವಿತ್ತು. ಆ ಧೈರ್ಯ ಸಂಜೆ ಮನೆಗೆ ಬಂದು ಶೂ ಬಿಚ್ಚುತ್ತಿತ್ತು. ಅವನ ಹೆಂಡತಿ ವಾಹನಗಳ ಫಿಟ್‌ನೆಸ್ ಪರೀಕ್ಷೆ ಮಾಡುವ ಕೇಂದ್ರದಲ್ಲಿ ಇನ್‌ಸ್ಪೆಕ್ಟರು. ದಿನವಿಡೀ ಸಾಲಾಗಿ ಬರುವ ಗಾಡಿಗಳ ಮುಂದೆ ನಿಂತು, ಅವುಗಳ ದೀಪ ನೋಡುತ್ತ "ಲೋ, ಹೈ, ಬ್ರೇಕು, ಎಡ, ಬಲ" ಎಂದು ಕೂಗುವುದೇ ಅವಳ ಉದ್ಯೋಗ. ಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದರೂ ಅವಳ ಬಾಯಲ್ಲಿ ತನ್ನಷ್ಟಕ್ಕೇ "ಹೈ" ಎಂದು ಬರುತ್ತದೆ. ಗೇಮ್ ಎಂಬುದನ್ನು ಮುಟ್ಟಿಯೂ ನೋಡಿದವಳಲ್ಲ. ಕಾರು ಓಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಇವಳು ಒಂದು ಸುತ್ತು ಮುಗಿಸದಿದ್ದರೆ ಇನ್ಯಾರು ಮುಗಿಸುತ್ತಾರೆ?

"ನನ್ನ ಹೆಡ್‌ಲೈಟು ಎಷ್ಟು ನಿಜ ಅಂದ್ರೆ, ನೀನೇ ಪಾಸು ಮಾಡ್ತೀಯ ನೋಡು!" ಎಂದು ಅವನು ಟಿವಿ ಹಾಕಿದ.

ಅವಳು ಚಹಾ ಲೋಟ ಕೆಳಗಿಟ್ಟು, ಅವಳಮ್ಮನ ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ತಂದು, ಟಿವಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಲೋ."

ಅವನು ಗುಂಡಿ ಒತ್ತಿದ.

"ಲೋ ಹಾಕಿ ಅಂದೆ."

"ಇದು ಲೋನೇ ಕಣೇ!"

"ಇದು ಲೋನಾ? ಗುಡ್ಡದ ಮೇಲಿನ ಮರದ ಎಲೆ ಕಾಣ್ತಾ ಇದೆ. ಆ ಮರದಲ್ಲಿ ಮಲಗಿರೋ ಹಕ್ಕಿ ಗತಿ ಏನ್ರೀ?"

"ಹಕ್ಕಿ ಇಲ್ಲ ಅಲ್ಲಿ. ನಾವು ಹಾಕೇ ಇಲ್ಲ."

"ಎದುರಿಗೆ ಬರೋನ ಕಣ್ಣು?"

"ಎದುರಿಗೆ ಯಾರೂ ಬರಲ್ಲ. ಇದು ರೇಸು. ಎಲ್ಲರೂ ಒಂದೇ ಕಡೆ ಹೋಗ್ತಾರೆ."

"ಮುಂದೆ ಹೋಗ್ತಿರೋನ ಕನ್ನಡಿ?"

ಇಷ್ಟು ವರ್ಷ ದೀಪ ಮಾಡಿದವನಿಗೆ ಮುಂದಿನವನ ಕನ್ನಡಿ ಒಮ್ಮೆಯೂ ಹೊಳೆದಿರಲಿಲ್ಲ.

"ಬೆಳಕಿನ ಮೇಲ್ಗಡೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಗೆರೆ ಇರಬೇಕು. ರಸ್ತೆ ಅಂಚಿನ ಕಡೆ ಸ್ವಲ್ಪ ಎತ್ತಿರಬೇಕು, ನಡ್ಕೊಂಡು ಹೋಗೋರು ಕಾಣೋ ಹಾಗೆ."

"ರೇಸ್ ಟ್ರ್ಯಾಕಲ್ಲಿ ಯಾರೇ ನಡ್ಕೊಂಡು ಹೋಗ್ತಾರೆ?"

"ಹೋದ ಮೇಲೆ ಸರಿ ಮಾಡ್ತೀರಾ?" ಅವಳು ಟೇಪು ಸುತ್ತಿಕೊಂಡು ಎದ್ದಳು. "ಫೇಲ್! ಸರಿ ಮಾಡಿಸ್ಕೊಂಡು ಮತ್ತೆ ತನ್ನಿ. ಮುಂದಿನವರು!"

ಮುಂದಿನವರಾಗಿ ಅಲ್ಲಿ ನಿಂತಿದ್ದವರು ಅವಳಮ್ಮ, ಒಗೆದ ಬಟ್ಟೆಯ ಬುಟ್ಟಿ ಹಿಡಿದುಕೊಂಡು. "ನಾನು ಬಟ್ಟೆ ಹರವೋಕೆ ಹೊರಟಿದ್ದೆ ಕಣೇ," ಎಂದರು ಆಕೆ ಗಾಬರಿಯಿಂದ. "ನನ್ನಲ್ಲೇನು ಕೆಟ್ಟಿದೆ?"

ಅಂದಿನಿಂದ ಹೆಡ್‌ಲೈಟಣ್ಣ ಹಿಡಿದ ಹಟ ಬಿಡಲಿಲ್ಲ. ಗುಡ್ಡ ಅಳಿಸಿದ. ಚಂದ್ರನನ್ನು ಕಿತ್ತುಹಾಕಿದ. ಬೆಳಕಿಗೆ ಗೆರೆ ಎಳೆದ. ಬ್ರೇಕ್ ಹಾಕಿದರೆ ಬೆಳಕು ತಲೆ ತಗ್ಗಿಸುವಂತೆ, ಏರು ಬಂದರೆ ಆಕಾಶ ನೋಡುವಂತೆ ಮಾಡಿದ. ಹಿಂದಿನವನು ಹೈ ಹಾಕಿದರೆ ಕನ್ನಡಿಯಲ್ಲಿ ಬೆಂಕಿ ಬಿದ್ದಂತಾಗಿ, ಆಮೇಲೂ ಕಣ್ಣಿನಲ್ಲಿ ಒಂದು ಹಸಿರು ಕಲೆ ಉಳಿಯುವಂತೆ ಮಾಡಿದ. ಗಾಜಿಗೆ ಹುಳ ಬಡಿಸಿದ. ಎಲ್ಲಕ್ಕೂ ಕಳಶವಿಟ್ಟಂತೆ, ಕಾರು ಎಲ್ಲಾದರೂ ತಗುಲಿದರೆ ಆ ಕಡೆಯ ದೀಪ ಒಡೆದು ಅರ್ಧ ಲೋಕವೇ ಮಾಯವಾಗುವಂತೆ ಮಾಡಿದ. ಪ್ರತಿ ಸಂಜೆ ತಪಾಸಣೆ, ಪ್ರತಿ ಸಂಜೆ ಫೇಲು. ಕೊನೆಗೊಂದು ದಿನ ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, "ಹ್ಞೂಂ, ಈಗ ರಸ್ತೆಗಿಳಿಸಬಹುದು," ಎಂದಳು. ಅವನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿದರು.

ಒಂದೇ ಸಣ್ಣ ತೊಡಕಿತ್ತು. ಕಾನೂನಿಗೆ ಒಪ್ಪುವ ಬೆಳಕು ಮುಂದೆ ಚಾಚುವುದು ಸ್ವಲ್ಪವೇ. ರೇಸಿನ ವೇಗವೋ ಗಾಳಿಯದು. ಬೆಳಕು ತಿರುವನ್ನು ಮುಟ್ಟುವ ಮೊದಲೇ ಕಾರು ಮುಟ್ಟುತ್ತಿತ್ತು. ಸ್ವತಃ ಹೆಡ್‌ಲೈಟಣ್ಣನಿಗೇ ಒಂದು ಸುತ್ತು ಮುಗಿಸಲಾಗಲಿಲ್ಲ. ಹೊಗೆಯಕ್ಕ ಎರಡನೇ ತಿರುವಿನಲ್ಲೇ ಕೆರೆಗೆ ಬಿದ್ದಳು. ಮಳೆರಾಯ ಬಂದು ಪರದೆಯನ್ನು ದಿಟ್ಟಿಸಿ, "ಏನಣ್ಣಾ, ಕರೆಂಟ್ ಹೋಗಿದ್ಯಾ?" ಎಂದ.

"ನಗು, ನಗು," ಎಂದ ಹೆಡ್‌ಲೈಟಣ್ಣ. "ನಮ್ಮನೆಯವಳು ಓಡಿಸೋವಾಗ ನೋಡು."

ಪರೀಕ್ಷೆಯ ದಿನ ಶನಿವಾರ, ಮಟಮಟ ಮಧ್ಯಾಹ್ನ. ಇಂಥ ಕತ್ತಲೆಯನ್ನು ಹೊರಗಿನ ಬಿಸಿಲಿನಲ್ಲಿ ತೋರಿಸುವುದುಂಟೆ? ಹೆಡ್‌ಲೈಟಣ್ಣ ಬೆಳಗ್ಗೆಯಿಂದಲೇ ಮನೆಗೆ ರಾತ್ರಿ ತೊಡಿಸತೊಡಗಿದ. ಕಿಟಕಿಗಳಿಗೆ ಹಾಸಿಗೆಯ ಹೊದಿಕೆ ಹೊಡೆದ. ಬಾಗಿಲ ಸಂದಿಗೆ ಟವೆಲು ತುರುಕಿದ. ಗಾಳಿಗಂಡಿಗೆ ಅತ್ತೆಯ ಕಪ್ಪು ಶಾಲು. ಗಡಿಯಾರದ ಮಿಣುಕು ದೀಪದ ಮೇಲೆ ಬೋಗುಣಿ ಕವುಚಿದ.

"ಬಿಸಿಲು ಸುಡ್ತಿರೋವಾಗ ಮನೆ ತುಂಬ ಕತ್ತಲೆ ಮಾಡ್ಕೊಂಡಿದ್ದೀರಲ್ಲ ಅಳಿಯಂದಿರೇ," ಎಂದರು ಅತ್ತೆ, ಮಡಚಬೇಕಾದ ಬಟ್ಟೆಯ ರಾಶಿಯ ಜೊತೆ ಸೋಫಾದ ತುದಿಯಲ್ಲಿ ಕೂತು. "ನಾನು ಯಾರ ಅಂಗಿ ಮಡಚ್ತಿದ್ದೀನೋ ನನಗೇ ಗೊತ್ತಾಗ್ತಿಲ್ಲ."

ಮೇಡಂ ಬಂದರು. ಒಳಗೆ ಕಾಲಿಟ್ಟವರೇ ಚಪ್ಪಲಿ ಸ್ಟ್ಯಾಂಡಿಗೆ ಡಿಕ್ಕಿ ಹೊಡೆದು "ಅಯ್ಯೋ!" ಎಂದರು. ಹಿಂದೆಯೇ ಮಳೆರಾಯ, ಬಸ್ಸಿನಲ್ಲಿ ಸೀಟು ಖಾಲಿಯಾಗುವುದನ್ನೇ ಕಾಯುವವನ ಮುಖ ಹೊತ್ತುಕೊಂಡು. ಎಲ್ಲರೂ ತಡಕಾಡಿ ಕೂತರು. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದ ಇನ್‌ಸ್ಪೆಕ್ಟರು ಯೂನಿಫಾರ್ಮಿನಲ್ಲೇ ನಡುವೆ ಕೂತು, ಗೇಮಿನ ಸ್ಟೀರಿಂಗ್ ಹಿಡಿದಳು.

"ಮೂರು, ಎರಡು, ಒಂದು!" ಎಂದಿತು ಟಿವಿ. ಕಂಪ್ಯೂಟರೇ ಓಡಿಸುವ ಉಳಿದ ಕಾರುಗಳು ಗುಂಡು ಹಾರಿದಂತೆ ಹಾರಿ, ಅವುಗಳ ಕೆಂಪು ದೀಪಗಳು ಕತ್ತಲಲ್ಲಿ ಕರಗಿದವು.

ಇನ್‌ಸ್ಪೆಕ್ಟರು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು.

"ಹೊರಡೇ!" ಎಂದು ಅವನು ಪಿಸುಗುಟ್ಟಿದ.

"ಬೆಲ್ಟ್ ಎಲ್ಲಿದೆ?"

"ಬೆಲ್ಟ್ ಹಾಕಿದೆ ಅಂದ್ಕೋ!"

"ಹಾಗೇ ಅಂತಾರೆ ಎಲ್ಲರೂ," ಎಂದು ಅವಳು ಇಂಡಿಕೇಟರ್ ಹಾಕಿ, ಹಿಂದೆ ಮುಂದೆ ನೋಡಿ, ಹೊರಟಳು. ರೇಸಿನ ಇತಿಹಾಸದಲ್ಲಿ ಇಂಡಿಕೇಟರ್ ಹಾಕಿ ಹೊರಟ ಮೊದಲ ಕಾರು ಅದೇ ಇರಬೇಕು.

ಚೆನ್ನಾಗಿಯೇ ಓಡಿಸಿದಳು. ಬೆಳಕು ಎಷ್ಟು ದೂರವೋ ಅದಕ್ಕೆ ತಕ್ಕ ವೇಗ. ತಿರುವಿಗೆ ಮುಂಚೆ ಹಾರನ್ನು. ಅಷ್ಟರಲ್ಲಿ ಒಂದು ಸುತ್ತು ಮುಗಿಸಿಬಂದ ಎದುರಾಳಿಗಳು ಹಿಂದಿನಿಂದ ಹೈ ಬೀಮ್ ಹಾಕಿಕೊಂಡು ನುಗ್ಗಿದರು. ಕನ್ನಡಿ ಧಗ್ಗೆಂದಿತು. ಅವಳು ಶಾಂತವಾಗಿ ಬದಿಗೆ ಸರಿದು, ಎಲ್ಲರಿಗೂ ದಾರಿ ಬಿಟ್ಟಳು.

"ಅವರು ನಿನ್ನ ಎದುರಾಳಿಗಳು ಕಣೇ!"

"ಇರಲಿ ಬಿಡಿ. ಪಾಪ, ಏನೋ ಅರ್ಜೆಂಟಿರಬೇಕು."

ಮಳೆರಾಯ ಕತ್ತಲಲ್ಲಿ ಕುಲುಕುಲು ನಕ್ಕ. ಮೇಡಂ ಕಡೆಯಿಂದ ಸದ್ದಿಲ್ಲ. ಅಡ್ಡಿಯಿಲ್ಲ, ಕೊನೆಯವಳಾಗಿ ಮುಗಿಸಿದರೂ ಮುಗಿಸಿದಂತೆಯೇ ಎಂದು ಹೆಡ್‌ಲೈಟಣ್ಣ ಅಂದುಕೊಳ್ಳುತ್ತಿರುವಾಗಲೇ ಒಂದು ಕಡಿದಾದ ತಿರುವು ಬಂತು. ಅವಳು ಬ್ರೇಕ್ ಒತ್ತಿದಳು. ಅವನು ಅಷ್ಟು ಪ್ರೀತಿಯಿಂದ ಕಲಿಸಿದ್ದ ಬೆಳಕು ವಿನಯದಿಂದ ತಲೆ ತಗ್ಗಿಸಿತು. ತಿರುವು ಮಾಯವಾಯಿತು. ರಸ್ತೆ ಬದಿಯ ಕಂಬಿಗೆ 'ಟಣ್' ಎಂದು ಒಂದು ಏಟು. ಎಡಗಡೆಯ ದೀಪ ಒಡೆದು ಅರ್ಧ ಲೋಕ ಹೋಯಿತು.

ಅವಳು ಕಾರನ್ನು ಬದಿಗೆ ನಿಲ್ಲಿಸಿ, ಸ್ಟೀರಿಂಗ್ ಬಿಟ್ಟು, ಕೈ ಕಟ್ಟಿ ಕೂತಳು.

"ಯಾಕೆ ನಿಲ್ಲಿಸಿದೆ?"

"ಒಂದು ಲೈಟು ಹೋಗಿದೆ. ಈ ಗಾಡಿ ರಸ್ತೆ ಮೇಲೆ ಹೋಗೋ ಹಾಗಿಲ್ಲ."

ಮಳೆರಾಯ ಸೀಟು ಸಿಕ್ಕಿತೆಂಬಂತೆ ಮುಂದಕ್ಕೆ ಸರಿದು ಕೂತ ಸದ್ದು ಕೇಳಿಸಿತು.

"ಅದು ಗೇಮ್ ಕಣೇ! ಸುಳ್ಳು!"

"ನಿಜ, ನಿಜ ಅಂತ ತಿಂಗಳಿಂದ ಪ್ರಾಣ ತಿಂದೋರು ಯಾರು?"

"ನನ್ನ ಮಾನ ಹೋಗುತ್ತೆ. ಆ ಮಳೆಯವನ ಕೈ ಕೆಳಗೆ ಹಾಕ್ತಾರೆ."

"ಒಂಟಿ ಲೈಟಿನ ಗಾಡಿ ಓಡಿಸ್ದೆ ಅಂತ ನಮ್ಮ ಆಫೀಸಲ್ಲಿ ಗೊತ್ತಾದ್ರೆ? ಇವತ್ತು ತಾನೇ ಅಂಥ ಒಬ್ಬನನ್ನ ಅಳೋ ಹಾಗೆ ಬೈದು ಕಳಿಸಿದ್ದೀನಿ."

"ನಿನ್ನ ಕಾಲಿಗೆ ಬೀಳ್ತೀನಿ!"

ಅವನು ನಿಜವಾಗಿಯೂ ಬಗ್ಗಿದ. ಕತ್ತಲಲ್ಲಿ ಸಿಕ್ಕಿದ್ದು ಅತ್ತೆಯ ಕಾಲು.

"ಒಳ್ಳೇದಾಗ್ಲಿ ಅಳಿಯಂದಿರೇ," ಎಂದು ಹರಸಿದರು ಅತ್ತೆ. "ಇವತ್ತೇನು ವಿಶೇಷ?"

ಎದ್ದು ನಿಂತ ಅವನ ತಲೆಯಲ್ಲಿ ಫಕ್ಕನೆ ಒಂದು ದೀಪ ಹತ್ತಿತು. ಆ ದಿನ ಸರಿಯಾಗಿ ಹತ್ತಿದ ದೀಪ ಅದೊಂದೇ. "ನೋಡು, ದಾರೀಲಿ ಕೆಟ್ಟ ಗಾಡಿನ ಗ್ಯಾರೇಜಿಗೆ ತಗೊಂಡು ಹೋಗಬಹುದಲ್ಲ?"

"ಹೋಗಬಹುದು. ಅಂಚಲ್ಲಿ, ನಿಧಾನಕ್ಕೆ, ನಾಲ್ಕೂ ಇಂಡಿಕೇಟರ್ ಹಾಕ್ಕೊಂಡು. ಗ್ಯಾರೇಜ್ ಎಲ್ಲಿದೆ?"

"ಮುಕ್ತಾಯದ ಗೆರೆ ದಾಟಿದ ಕೂಡಲೇ!"

ಅವಳು ಒಂದು ಗಳಿಗೆ ಯೋಚಿಸಿ, ನಾಲ್ಕೂ ಇಂಡಿಕೇಟರ್ ಹಾಕಿ ಹೊರಟಳು. ಸೈಕಲ್ಲಿನ ವೇಗವೂ ಅಲ್ಲ; ಸೈಕಲ್ಲು ತಳ್ಳಿಕೊಂಡು ಹೋಗುವವನ ವೇಗ. ಟಿಕ್ ಟಾಕ್, ಟಿಕ್ ಟಾಕ್. ಒಂಟಿ ದೀಪದ ಮಂದ ಬೆಳಕಿನಲ್ಲಿ ರಸ್ತೆ ಒಂದಿಷ್ಟು ಬಿಚ್ಚಿಕೊಳ್ಳುವುದು, ಹುಲ್ಲು ಒಂದಿಷ್ಟು ಕಾಣುವುದು, ಮತ್ತೆ ಕತ್ತಲೆ. ಟಿಕ್ ಟಾಕ್. ಎಂಜಿನ್ನಿನ ಸಣ್ಣ ಗುನುಗು. ಹೊದಿಕೆಗಳ ಹಿಂದೆ ಕೋಣೆ ಬೆಚ್ಚಗಾಗಿತ್ತು.

ಯಾರೂ ಮಾತಾಡಲಿಲ್ಲ. ಮಳೆರಾಯನ ನಗುವೂ ನಿಂತಿತು. ಮೇಡಂ ಕಡೆಯಿಂದ ಆಗಾಗ ಒಂದು ಭಾರವಾದ ಉಸಿರು ಬರುತ್ತಿತ್ತು. ಸಿಟ್ಟು ಕುದಿಯುತ್ತಿದೆ, ಎಂದುಕೊಂಡ ಹೆಡ್‌ಲೈಟಣ್ಣ. ಅವನು ಕತ್ತಲಲ್ಲೇ ಕ್ಷಮಾಪಣೆಯ ಭಾಷಣ ಕಟ್ಟತೊಡಗಿದ. ಮೊದಲು "ಮೇಡಂ, ನನ್ನ ಉದ್ದೇಶ ಒಳ್ಳೆಯದಿತ್ತು" ಎಂದು ಶುರುವಾದದ್ದು, ಕಾರು ಕೆರೆಯ ಏರಿ ಮುಟ್ಟುವ ಹೊತ್ತಿಗೆ "ಮೇಡಂ, ಚರಂಡಿ ಕೆಲಸವಾದರೂ ಕೊಡಿ" ಎಂಬಲ್ಲಿಗೆ ಬಂದಿತ್ತು.

ಗೆರೆ ದಾಟಿತು. "ಸುತ್ತು ಮುಗಿಯಿತು!" ಎಂದು ಟಿವಿ ಕೂಗಿತು. ಇನ್‌ಸ್ಪೆಕ್ಟರು ಗ್ಯಾರೇಜಿನೊಳಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದಳು.

ಚಪ್ಪಾಳೆ ಇಲ್ಲ. ಬೈಗುಳವೂ ಇಲ್ಲ. ಹೆಡ್‌ಲೈಟಣ್ಣ ಕಿಟಕಿಯ ಹೊದಿಕೆ ಸರಿಸಿದ.

ಅತ್ತೆಯ ಗದ್ದ ಎದೆಗೆ ತಾಗಿತ್ತು. ಮಳೆರಾಯ ಮಡಚದ ಬಟ್ಟೆಯ ರಾಶಿಗೆ ಮುಖ ಹುದುಗಿಸಿ, ಯಾರದೋ ಬನಿಯನ್ ತಬ್ಬಿಕೊಂಡಿದ್ದ. ಇಡೀ ಆಫೀಸನ್ನು ನಡುಗಿಸುವ ಚೀಫ್ ಮೇಡಂ ಸೋಫಾದ ಕೈಗೆ ಒರಗಿ, ಕಾಲು ಮುದುರಿಕೊಂಡು, ಬಾಯಿ ತೆರೆದು, ಹಸುಗೂಸಿನಂತೆ ಮಲಗಿದ್ದರು.

ಬಿಸಿಲು ಬಿದ್ದು ಮೇಡಂ ಕಣ್ಣು ತೆರೆದರು. "ಬೆಳಗಾಯ್ತಾ?"

"ಇಲ್ಲ ಮೇಡಂ, ಮಧ್ಯಾಹ್ನ. ಸುತ್ತು ಮುಗೀತು."

ಮೇಡಂ ಎದ್ದು ಕೂತು, ತಮ್ಮ ಕೈಕಾಲುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ನಾನು ಮಲಗಿದ್ನಾ? ರೀ, ನಿಜ ಹೇಳಿ, ನಾನು ಮಲಗಿದ್ನಾ? ವರ್ಷಗಟ್ಲೆ ಆಯ್ತು ಕಣ್ರೀ ನಾನು ಹೀಗೆ ನಿದ್ದೆ ಮಾಡಿ! ಯಾವ ಡಾಕ್ಟರ ಕೈಲೂ ಆಗಿರಲಿಲ್ಲ!" ಆ ಕೆಂಪಿಗೆ ಕಾರಣ ಸಿಟ್ಟಲ್ಲ, ನಿದ್ದೆಗೇಡು ಎಂದು ಆಫೀಸಿನ ಪೈಕಿ ಮೊದಲು ತಿಳಿದವನು ಹೆಡ್‌ಲೈಟಣ್ಣ. ಮೇಡಂ ಇನ್‌ಸ್ಪೆಕ್ಟರ ಎರಡೂ ಕೈ ಹಿಡಿದುಕೊಂಡರು. "ಪಾಸು! ಟ್ರ್ಯಾಕು ಪಾಸು! ಇದು ಇರಲೇಬೇಕು."

ಆಹಾ! ಹೆಡ್‌ಲೈಟಣ್ಣ ನೆಲದಿಂದ ಗೇಣುದ್ದ ಮೇಲೆ ನಡೆಯತೊಡಗಿದ. "ಕತ್ತಲೆ ಎಷ್ಟು ನಿಜವಾಗಿದ್ರೆ ಜನಕ್ಕೆ ನಿದ್ದೆ ಬರಬೇಕು, ಹೇಳು!" ಎಂದು ಹೆಂಡತಿಗೆ, ಅತ್ತೆಗೆ, ಕೆಳಗಿನ ಮನೆಯವರಿಗೆ, ಕೇಳದವರಿಗೆ ಹೇಳಿದ್ದೇ ಹೇಳಿದ್ದು.

ಗೇಮು ಬಿಡುಗಡೆಯಾಯಿತು. ರೇಸಿನ ವಿಭಾಗದಲ್ಲಿ ಹುಡುಕಿದರೆ ಅವನ ಟ್ರ್ಯಾಕು ಅಲ್ಲಿರಲಿಲ್ಲ. ಅದಕ್ಕೆ ಬೇರೆಯೇ ಒಂದು ಬಾಗಿಲು ಮಾಡಿ, ಮೇಲೆ 'ನಿದ್ರೆ' ಎಂದು ಬರೆದಿದ್ದರು. ಆಡುವವನು ಏನೂ ಮಾಡಬೇಕಾಗಿಲ್ಲ. ಪಕ್ಕದ ಸೀಟಿನಲ್ಲಿ ಒರಗಿ ಕೂತರೆ ಸಾಕು. ಕಾರು ಅಂಚಿನಲ್ಲಿ, ನಾಲ್ಕೂ ಇಂಡಿಕೇಟರ್ ಹಾಕಿಕೊಂಡು, ಇನ್‌ಸ್ಪೆಕ್ಟರು ಅಂದು ಓಡಿಸಿದ ವೇಗದಲ್ಲೇ ಹೋಗುತ್ತಿರುತ್ತದೆ. ಜನ ಮುಗಿಬಿದ್ದರು. ಅಳುವ ಮಕ್ಕಳಿಗೆ ಹಾಕಿದರು, ಕಣ್ಣು ಮುಚ್ಚದ ಮುದುಕರಿಗೆ ಹಾಕಿದರು. ಬೆಳಕಿನ ಮೇಲಿನ ಗೆರೆಯನ್ನು ನೋಡುವಷ್ಟು ಹೊತ್ತು ಎಚ್ಚರವಿದ್ದವರು ಒಬ್ಬರೂ ಇರಲಿಲ್ಲ.

ಆದರೂ ಅದು ಅವನದೇ. ಮಳೆರಾಯನ ಕೈ ಕೆಳಗೆ ಹೋಗುವುದಂತೂ ತಪ್ಪಿತ್ತಲ್ಲ!

ಭಾನುವಾರ ಬೆಳಗ್ಗೆ ಅವನು ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಾಗ ಮೇಡಂ ಅವರಿಂದ ಸಂದೇಶ ಬಂತು. ಅವನು ಮನೆಯವರೆಲ್ಲ ಕೇಳಲೆಂದು ಗಟ್ಟಿಯಾಗಿ ಓದತೊಡಗಿದ: "ಎಲ್ಲರಿಗೂ ಬಹಳ ಇಷ್ಟವಾಗಿದೆ. ಅಭಿನಂದನೆಗಳು. ಬರುತ್ತಿರುವ ದೂರು ಒಂದೇ. ಆ ಹೆಡ್‌ಲೈಟಿನಿಂದ ನಿದ್ದೆ ಕೆಡುತ್ತದಂತೆ. ಅದನ್ನು ಪೂರ್ತಿ ತೆಗೆದುಹಾಕಿ. ಅದರ ಬದಲು..."

ದನಿ ಇಳಿಯಿತು. ಉಳಿದದ್ದನ್ನು ಅವನ ತುಟಿಗಳಷ್ಟೇ ಓದಿದವು.

"ಅದರ ಬದಲು?" ಎಂದಳು ಹೆಂಡತಿ.

"ಸಣ್ಣಗೆ ಮಳೆ ಹಾಕ್ಬೇಕಂತೆ."

ಅವನು ಮೇಲಕ್ಕೆದ್ದ. "ನಾನು ಯಾರು ಅಂತ ತಿಳ್ಕೊಂಡಿದ್ದಾರೆ? ಹೆಡ್‌ಲೈಟು ಮಾಡೋನು ನಾನು! ಹೆಡ್‌ಲೈಟೇ ಬೇಡ, ಬರೀ ಮಳೆ ಸಾಕು ಅಂದ್ರೆ ಆ ಗಾಡಿಲಿ ನನಗೇನು ಕೆಲಸ? ಹೇಳು, ನನಗೇನು ಕೆಲಸ?"

ಇನ್‌ಸ್ಪೆಕ್ಟರು ಚಹಾ ಲೋಟದಿಂದ ತಲೆಯೆತ್ತದೆ ಹೇಳಿದಳು:

"ಮಳೆ ಅಂದ್ಮೇಲೆ ವೈಪರ್ ಬೇಡ್ವಾ?"